ಚೆಂಡಿನ ಎಣ್ಣೆ ತೆಗೆದ ಬಗ್ಗೆ ಎರಡು ಮಾತು

ವೇದಿಕೆಯ ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಕ್ಲಬ್ಬಿನ ಅಧ್ಯಕ್ಷರಾದ ಮಲಕಪ್ಪನವರೇ, ಅವರ ಎಡಕ್ಕೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ, ಈಗಷ್ಟೇ ವಾರ್ಷಿಕ ವರದಿ ಓದಿ ಬೆವರು ಒರೆಸಿಕೊಳ್ಳುತ್ತಿರುವ ಕಾರ್ಯದರ್ಶಿ ರಾಜಕುಮಾರ ಅವರೇ, ರಾಜ್ಯಕ್ಕೆ ಮೂರನೆಯವಳಾಗಿ ಬಂದು ಇವತ್ತು ಸನ್ಮಾನ ಮಾಡಿಸಿಕೊಂಡ ನನ್ನ ತಂಗಿಯ ಮಗಳು ಸುರೇಖಾ, ಮೊದಲ ಸಾಲಿನಲ್ಲಿ ಕುಳಿತು "ಲಗೂ ಮುಗಸ್ರಿ" ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಮನೆಯಾಕೆ ಹನಮವ್ವ, ಮತ್ತು ಊಟದ ವಾಸನೆ ಬಂದ ಮೇಲೂ ಎದ್ದು ಹೋಗದೆ ಕುಳಿತಿರುವ ಸಹನಾಮೂರ್ತಿಗಳಾದ ಸಭಿಕರೇ,

ನನಗೆ ಸಿಟ್ಟು ಬಂದಿದೆ. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಆದರೂ ಸಿಟ್ಟು ಇಳಿದಿಲ್ಲ. ಯಾಕೆ ಇಳಿದಿಲ್ಲ? ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯನ್ನು ತಿರುವಿ ನೋಡಿ. ಏನು ಅಚ್ಚು ಹಾಕಿಸಿದ್ದಾರೆ? "ಚೆಂಡು ತೊಳೆದ ಸೇವೆಗಾಗಿ ಶ್ರೀ ಕನಕಪ್ಪ ಅವರಿಗೆ ಸನ್ಮಾನ." ತೊಳೆದ! ಸ್ವಾಮಿ, ತಾಟು ತೊಳೆಯುತ್ತಾರೆ. ಎಮ್ಮೆ ತೊಳೆಯುತ್ತಾರೆ. ಕಾಲು ತೊಳೆದು ಒಳಗೆ ಬನ್ನಿ ಎನ್ನುತ್ತಾರೆ. ನಾನು ತೊಳೆದವನಲ್ಲ. ಚೆಂಡಿನ ಹೊಟ್ಟೆಯೊಳಗೆ ಇಳಿದು ಕುಳಿತಿದ್ದ ಎಣ್ಣೆಯನ್ನು, ಚೆಂಡು ಒಡೆಯದ ಹಾಗೆ, ಬಣ್ಣ ಕೆಡದ ಹಾಗೆ, ಮನೆಯ ಬಚ್ಚಲಿನಲ್ಲಿ ಕುಳಿತು ಹೊರಗೆ ಎಳೆದವನು. ಬಾಗಲಕೋಟೆ ಜಿಲ್ಲೆಯಲ್ಲಿ ಈ ಕೆಲಸ ಮಾಡಿದ ಇನ್ನೊಬ್ಬನನ್ನು ತೋರಿಸಿ, ಈ ಶಾಲನ್ನು ಅವನಿಗೇ ಹೊದಿಸುತ್ತೇನೆ.

ಇದು ಒಂದನೆಯ ತಪ್ಪು. ಎರಡನೆಯದು ವರದಿಯಲ್ಲಿದೆ. ರಾಜಕುಮಾರ ಅವರು ಗಂಟಲು ಸರಿಮಾಡಿಕೊಂಡು ಓದಿದರಲ್ಲ, "ಹಿಂದಿನ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಕೆಟ್ಟುಹೋಗಿದ್ದ ಚೆಂಡು" ಎಂದು, ಆ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಸುಲಭದ ಸಿಟ್ಟು ಮೊದಲು ಮುಗಿಯಲಿ.

ಬೇರೆ ಊರುಗಳಿಂದ ಬಂದವರಿಗಾಗಿ ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮ ಕ್ಲಬ್ಬಿನ ಹಿಂದೆ ಉದ್ದನೆಯ ತಗಡಿನ ಶೆಡ್ಡು ಇದೆ. ಅದರೊಳಗೆ ಬೌಲಿಂಗ್ ಆಡಲು ನಾಲ್ಕು ಲೇನು, ಅಂದರೆ ಹಲಗೆ ಹಾಸಿದ ಉದ್ದನೆಯ ದಾರಿ. ಒಂದೊಂದು ಲೇನಿನ ತುದಿಗೂ ಹತ್ತು ಗೂಟ ನಿಲ್ಲಿಸಿರುತ್ತಾರೆ. ಈ ತುದಿಯಿಂದ ಚೆಂಡು ಉರುಳಿಸಿ ಅವನ್ನು ಕೆಡವಬೇಕು. ಕ್ರಿಕೆಟ್ಟಿನ ಚೆಂಡಲ್ಲ ಇದು. ಕುಂಬಳಕಾಯಿಯಷ್ಟು ದಪ್ಪ, ಆರು ಕೆಜಿಗೂ ಮೇಲೆ ತೂಕ, ಬೆರಳು ಹಾಕಲು ಮೂರು ತೂತು. ಲೇನಿನ ಮೇಲೆ ದಿನಾಲೂ ಮುಂಜಾನೆ ತೆಳ್ಳಗೆ ಎಣ್ಣೆ ಹಾಕುತ್ತಾರೆ. ಮುಕ್ಕಾಲು ದಾರಿಗೆ ಎಣ್ಣೆ, ಕೊನೆಗೆ ಒಣ ಹಲಗೆ. ಒಳ್ಳೆಯ ಚೆಂಡು ಎಣ್ಣೆಯ ಮೇಲೆ ಜಾರುತ್ತ ಜಾರುತ್ತ ಲೇನಿನ ಪಕ್ಕದ ಗಟಾರದ ಅಂಚಿಗೆ ಹೋಗುತ್ತದೆ. ಇನ್ನೇನು ಬಿದ್ದೇ ಬಿಟ್ಟಿತು ಎನ್ನುವಾಗ ಒಣ ಹಲಗೆ ಸಿಕ್ಕಿದ್ದೇ ತಡ, ತವರಿನ ದಾರಿ ನೆನಪಾದವಳ ಹಾಗೆ ಒಳಕ್ಕೆ ತಿರುಗುತ್ತದೆ. ಆ ತಿರುವಿನಲ್ಲೇ ಎಲ್ಲ ಇದೆ. ತಿರುವು ಹೋಯಿತೋ, ಆ ಚೆಂಡು ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡಲು ಬರುತ್ತದೆ, ಅಷ್ಟೇ.

ಸುರೇಖಾ ಹುನಗುಂದದವಳು. ಇಲ್ಲಿ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ನಮ್ಮ ಮನೆಯಲ್ಲೇ ಇರುತ್ತಾಳೆ. ಹುಬ್ಬಳ್ಳಿಯಲ್ಲಿ ಒಂದು ಪಂದ್ಯ ಗೆದ್ದಾಗ ಇನಾಮಾಗಿ ಬಂದ ಚೆಂಡು ಅದು. ನೇರಳೆ ಬಣ್ಣ, ಒಳಗೆ ಮೋಡ ತಿರುಗಿದ ಹಾಗೆ ಹೊಳಪು. ಮೊದಲ ದಿನ ಅದನ್ನು ನೋಡಿ ನಾನು ನಕ್ಕೆ. "ಇಷ್ಟ ದೊಡ್ಡ ಪಂದ್ಯಕ್ಕ ಇಷ್ಟ ಸಣ್ಣ ಗುಂಡ ಇನಾಮೇನವಾ?" ಎಂದೆ. ಯಾಕೆಂದರೆ ನಾನು ಯಾರು? ಗರಡಿಯಲ್ಲಿ ಚಂದಪ್ಪ ಉಸ್ತಾದರ ಕೈಯಲ್ಲಿ ತಯಾರಾದವನು. ಕ್ವಿಂಟಲ್ ತೂಕದ ಕಲ್ಲುಗುಂಡನ್ನು ಎದೆಯ ಮೇಲೆ ತಂದು ಹಿಂದಕ್ಕೆ ಒಗೆದವನು. ನಮ್ಮೂರ ಸಾಲಿಯಲ್ಲಿ ಐದನೆಯ ಇಯತ್ತೆಗೆ ನನ್ನ ಓದು ಮುಗಿದದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ಮಾಸ್ತರರ ಬೆಂಚು ನಾನು ಕೂತರೆ ಮುರಿಯುತ್ತಿತ್ತು. ಬೀರಪ್ಪನಾಣೆ, ಖರೆ ಮಾತು.

ಹನಮವ್ವ ಆ ಚೆಂಡು ಉರುಳಬಾರದು ಎಂದು ತನ್ನ ಹಳೆಯ ಸಿಂಬಿಯ ಮೇಲೆ, ಕೊಡ ಇಡುವ ಹಾಗೆ, ಜಗುಲಿಯ ಮೂಲೆಯಲ್ಲಿ ಇಟ್ಟಳು. ಮೂರು ತಿಂಗಳು ಅದು ಹುಲಿಯ ಹಾಗೆ ಆಡಿತು. ಆಮೇಲೆ ಸತ್ತಿತು.

ಹೌದು, ಸತ್ತಿತು. ಎಸೆದರೆ ನೆಟ್ಟಗೆ ಹೋಗಿ ಗಟಾರಕ್ಕೆ ಬೀಳುತ್ತಿತ್ತು. ಬೇಸಿಗೆಯ ಕೊನೆಗೆ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯ. ಹುಡುಗಿ ಊಟ ಬಿಟ್ಟಳು. ಅವಳ ಕೈಗೆ, ಅವಳ ಬೆರಳಿನ ಅಳತೆಗೆ ಕೊರೆದ ಚೆಂಡು ಅದೊಂದೇ. ಎಣ್ಣೆ ಕುಡಿದಿದೆ ಎಂದು ಗೊತ್ತಾಯಿತು, ಆ ಜಾತಿಯ ಚೆಂಡು ಬೆವರು ಹೀರುವ ಬನಿಯನ್ನಿನ ಹಾಗೆ ಎಣ್ಣೆ ಹೀರುತ್ತದಂತೆ. ಸರಿ, ಎಣ್ಣೆ ಎಲ್ಲಿಂದ ಬಂತು? ಲೇನಿನಿಂದ. ಲೇನಿಗೆ ಎಣ್ಣೆ ಹಾಕುವವನು ಯಾರು? ಯಾಸೀನ.

ಯಾಸೀನನನ್ನು ನೀವೆಲ್ಲ ಬಲ್ಲಿರಿ. ಇಳಕಲ್ಲಿನವನು. ಅವನ ತಂದೆ ಖಾಸಿಂಸಾಬರು ಸೀರೆಯ ನೂಲಿಗೆ ಬಣ್ಣ ಹಾಕುವವರು. ಆರು ವರ್ಷ ಈ ಲೇನುಗಳನ್ನು ನೋಡಿಕೊಂಡವನು ಯಾಸೀನ. ಕ್ಲಬ್ಬಿನಲ್ಲಿ ಸಭೆ ಕರೆದರು. ಮೊದಲು ಎದ್ದು ನಿಂತವನು ನಾನು. "ಕೈಗೆ ಅಳತಿ ಇಲ್ಲದಾಂವನ್ನ ಇಟ್ಟಗೊಂಡು ಏನ್ ಮಾಡ್ತೀರಿ? ತಗೀರಿ ಅವನ್ನ!" ಎಂದು ಕೂಗಿದೆ. ನನ್ನ ದನಿ ಗೊತ್ತಲ್ಲ ನಿಮಗೆ, ತಗಡು ನಡುಗುತ್ತದೆ. ಅವನು ಅಂದ, "ಕಾಕಾ, ಅಳತಿ ಬಿಟ್ಟು ಒಂದ್ ಹನಿ ಹೆಚ್ಚಿಗಿ ಹಾಕಿಲ್ರಿ." ನಾನು ಅಂದೆ, "ಹಂಗಾರ ಎಣ್ಣಿ ಏನು ಮ್ಯಾಲಿಂದ ಬಿತ್ತೇನಲೇ?" ಎಲ್ಲರೂ ನಕ್ಕರು. ದೂರಿನ ಪುಸ್ತಕದಲ್ಲಿ ಮೊದಲ ಸಹಿ ನನ್ನದು. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಅವನು ಕೈ ಒರೆಸುವ ಬಟ್ಟೆಯನ್ನು ಮಡಿಚಿ ಎಣ್ಣೆಯ ಡಬ್ಬಿಯ ಮೇಲೆ ಇಟ್ಟು ಹೋದ. ಮಡಿಚಿ ಇಟ್ಟ ಎನ್ನುವುದು ನನಗೆ ಯಾಕೆ ನೆನಪಿದೆಯೋ ತಿಳಿಯದು.

ಇರಲಿ. ನಾನು ಹೇಳಹೊರಟದ್ದು ನನ್ನ ಸಾಧನೆ.

ಯಾಸೀನ ಹೋದ ಮೇಲೂ ಚೆಂಡು ತಿರುಗಲಿಲ್ಲ. ಸುರೇಖಾ ಮೊಬೈಲಿನಲ್ಲಿ ಹುಡುಕಿದಳು. ಯಾರೋ ಒಬ್ಬ ಹೇಳುತ್ತಾನೆ, ಪಾತ್ರೆ ತೊಳೆಯುವ ಯಂತ್ರದಲ್ಲಿಡಿ ಎಂದು. ನಮ್ಮ ಮನೆಯ ಪಾತ್ರೆ ತೊಳೆಯುವ ಯಂತ್ರ ಮೊದಲ ಸಾಲಿನಲ್ಲಿ ಕುಳಿತಿದೆ, ಅದರೊಳಗೆ ಚೆಂಡು ಹಿಡಿಯುವುದಿಲ್ಲ. ನಗಬೇಡಿ, ಇವತ್ತು ರಾತ್ರಿ ನನಗೆ ರೊಟ್ಟಿ ಸಿಗದಿದ್ದರೆ ಕ್ಲಬ್ಬೇ ಹೊಣೆ. ಇನ್ನೊಬ್ಬ ಹೇಳುತ್ತಾನೆ, ಬ್ರೆಡ್ಡು ಸುಡುವ ಡಬ್ಬಿಯಲ್ಲಿಡಿ ಎಂದು. ಚೆಂಡೇನು ಬ್ರೆಡ್ಡೇ? ಮತ್ತೊಬ್ಬ, ಅದಕ್ಕೆಂದೇ ಯಂತ್ರ ಬಂದಿದೆ, ಬೆಂಗಳೂರಿಗೆ ಕಳಿಸಿ ಎನ್ನುತ್ತಾನೆ. ಎಲ್ಲದಕ್ಕೂ ಬೆಂಗಳೂರೇ? ನಮ್ಮಲ್ಲಿ ಹಂಡೆ ಇಲ್ಲವೇ? ಒಲೆ ಇಲ್ಲವೇ? ಕನಕಪ್ಪ ಇಲ್ಲವೇ?

ಮೊದಲು ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಚೆಂಡು ಮದುಮಗಳ ಹಾಗೆ ಹೊಳೆಯಿತು, ತಿರುಗಲಿಲ್ಲ. ಆಮೇಲೆ ಬೂದಿಯಲ್ಲಿ ಹೂತಿಟ್ಟೆ. ಮೇಲಿನ ಜಿಡ್ಡು ಹೋಯಿತು, ಹೊಟ್ಟೆಯೊಳಗಿನದು ಹಾಗೇ ಉಳಿಯಿತು. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ನಮ್ಮ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, ಮಾಳಿಗೆಯ ಮೇಲೆ ಸಂಡಿಗೆ ಅರ್ಧ ದಿನಕ್ಕೆ ಕಟಕಟ ಎನ್ನುತ್ತದೆ. ಸುರೇಖಾ ಸಾಲಿಯಿಂದ ಬಂದವಳು ಮೆಟ್ಟಿಲು ಹಾರಿ ಓಡಿಬಂದಳು. "ಮಾಮಾ, ಸೀಳ್ತೈತ್ರಿ! ಕಾದರ ಸೀಳ್ತೈತಿ ಅಂತ ಮೊದಲ ದಿನಾನ ಹೇಳಿದ್ದೆ ನಿಮಗ!" ಎಂದು ಸೆರಗಿನಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೆಳಗಿಳಿದಳು. ಹೌದು, ಮೊದಲ ದಿನವೇ ಹೇಳಿದ್ದಳು.

ಆಮೇಲೆ ಬಂತು ನೋಡಿ ನನ್ನ ಹಂಡೆಯ ವಿದ್ಯೆ. ಬರೆದುಕೊಳ್ಳುವವರು ಬರೆದುಕೊಳ್ಳಿ. ಮೂರು ತೂತುಗಳಿಗೂ ದವಾಖಾನೆಯ ಪಟ್ಟಿ ಅಂಟಿಸಬೇಕು, ಒಳಗೆ ನೀರು ಹೋಗಬಾರದು. ಹಂಡೆಯ ತಳಕ್ಕೆ ಹಳೆಯ ಧೋತರ ಮಡಿಚಿ ಹಾಕಬೇಕು, ಚೆಂಡಿಗೆ ತಾಮ್ರದ ಕಾವು ನೇರವಾಗಿ ತಗಲಬಾರದು. ನೀರು ಕಾಯಿಸಿ, ಬೆಂಕಿ ಹೊರಗೆಳೆದು, ಪಾತ್ರೆ ತೊಳೆಯುವ ಸಾಬೂನಿನ ರಸ ಒಂದು ಚಮಚ ಬಿಡಬೇಕು. ಇನ್ನು ಕಾವಿನ ಲೆಕ್ಕ. ಇದೇ ಗುಟ್ಟು. ನೀರಿನಲ್ಲಿ ಕೈ ಮುಳುಗಿಸಿ ಎಣಿಸಬೇಕು. ಆರಕ್ಕೆ ಮೊದಲೇ ಕೈ ಹೊರಗೆ ಬಂದರೆ ನೀರು ಹೆಚ್ಚು ಬಿಸಿ, ಚೆಂಡು ಸೀಳುತ್ತದೆ. ಆರು ದಾಟಿಯೂ ಕೈ ಸುಮ್ಮನಿದ್ದರೆ ಕಾವು ಸಾಲದು, ಎಣ್ಣೆ ಕದಲುವುದಿಲ್ಲ. "ರೇಷ್ಮಿ ನೂಲಿಗೂ ಇದ ಲೆಕ್ಕ, ನಿಮ್ಮ ಗುಂಡಿಗೂ ಇದ ಲೆಕ್ಕ, ತಗೋರಿ" ಎಂದು ಖಾಸಿಂಸಾಬರು...

ಹೆಸರು ಬಾಯಿಗೆ ಬಂದೇಬಿಟ್ಟಿತು. ಬರಲಿ. ಹೇಗೂ ಹೇಳಬೇಕು ಎಂದೇ ಬಂದಿದ್ದೆ.

ಹೌದು ಸ್ವಾಮಿ, ನಾನು ಇಳಕಲ್ಲಿಗೆ ಹೋಗಿದ್ದೆ. ಕಳಿಸಿದವಳು ಹನಮವ್ವ. "ಎಣ್ಣಿ ಹಾಕಾಂವಗ ಎಣ್ಣಿ ತಗಿಯೂದು ಗೊತ್ತಿರತೈತಿ. ಹೋಗಿ ಆ ಯಾಸೀನನ್ನ ಕೇಳ್ರಿ" ಎಂದಳು. "ಅವನ್ನಾ? ನಾ?" ಎಂದೆ. "ಹೌದು, ನೀವ. ಒದರಿದಾಂವ ನೀವ ಅಲ್ರಿ?" ಎಂದಳು. ಸುರೇಖಾಳನ್ನು ಕರೆದರೆ, "ನಾ ಯಾ ಮಾರಿ ತಗೊಂಡು ಬರ್ಲಿ ಮಾಮಾ" ಎಂದು ಒಳಗೆ ಹೋದಳು. ಚೆಂಡನ್ನು ಕೈಚೀಲದಲ್ಲಿ ಹಾಕಿಕೊಂಡು ಒಬ್ಬನೇ ಬಸ್ಸು ಹತ್ತಿದೆ. ಹುನಗುಂದದಲ್ಲಿ ಬಸ್ಸು ಬ್ರೇಕು ಹಾಕಿದಾಗ ಅದು ಚೀಲದಿಂದ ಹೊರಬಿದ್ದು ಕಂಡಕ್ಟರನ ಕಾಲಿಗೆ ಹೋಗಿ ಬಡಿಯಿತು. "ಏನ್ ಕಾಕಾ ಇದು, ತೋಪಿನ ಗುಂಡೇನ್ರಿ?" ಎಂದು ಅವನು ಒಂಟಿಕಾಲಿನಲ್ಲಿ ಕುಣಿದ. ಒಳ್ಳೆಯ ಚೆಂಡಾಗಿದ್ದರೆ ತಿರುಗಿ ಸೀಟಿನ ಕೆಳಗೆ ಹೋಗುತ್ತಿತ್ತು. ಇದು ನೆಟ್ಟಗೇ ಹೋಯಿತು.

ಖಾಸಿಂಸಾಬರ ಮನೆಯ ಹಿಂದೆ ಬಣ್ಣದ ಕೊಪ್ಪರಿಗೆಗಳು. ಯಾಸೀನ ಮೊಳಕೈವರೆಗೆ ಕೆಂಪು ಬಣ್ಣ ಮಾಡಿಕೊಂಡು ನೂಲು ಹಿಂಡುತ್ತಿದ್ದ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಎದುರು ಬೈಗುಳವನ್ನೂ ಹುನಗುಂದದಿಂದ ಇಳಕಲ್ಲಿನವರೆಗೆ ಜೋಡಿಸಿಕೊಂಡಿದ್ದೆ. ಅವನು ಏನು ಅಂದ? "ಬರ್ರಿ ಕಾಕಾ, ಕೂಡ್ರಿ. ಅಮ್ಮಾ, ಚಹಾ." ಅವನ ತಾಯಿ ಗುಲಾಬಬಿ ನನಗೆ ಚಹಾ ಕೊಟ್ಟರು. ಮಗನ ಅನ್ನ ಕಳೆದವನಿಗೆ, ಕಪ್ಪು ಬಸಿಯಲ್ಲಿ ಹಾಕಿ, ಸಕ್ಕರೆ ಮುಂದೆ ಮಾಡಿ ಚಹಾ! ಇದಕ್ಕೂ ನನಗೆ ಸಿಟ್ಟು ಬಂತು. ಬೈಯಬೇಕಿತ್ತು ಅವರು.

ಯಾಸೀನ ಕೈ ತೊಳೆದು ಚೆಂಡು ತೆಗೆದುಕೊಂಡ. ತಿರುಗಿಸಿ ನೋಡಿದ. ಬೆರಳಿನ ತೂತಿನ ಹತ್ತಿರ ಮೂಗು ಹಿಡಿದ. ಆಮೇಲೆ ನನ್ನ ಕೈ ನೋಡಿದ. ಮುಖ ಅಲ್ಲ, ಕೈ.

"ಕಾಕಾ, ನಿಮ್ಮ ಮನ್ಯಾಗ ಯಾವ ಎಣ್ಣಿ ತಿಂತೀರಿ?"

"ಕುಸುಬಿ. ನಮ್ಮ ಊರ ಗಾಣದ್ದು. ಯಾಕ?"

"ಏನಿಲ್ರಿ. ಚಹಾ ಆರತೈತಿ, ಕುಡೀರಿ. ನೀರು ಕುದಸಬ್ಯಾಡ್ರಿ. ಅಪ್ಪಾ ಕಾವಿನ ಲೆಕ್ಕ ಹೇಳ್ತಾನ, ಕೇಳ್ಕೊಳ್ರಿ."

ಅಷ್ಟೇ ಅಂದ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಅವನ ಕೈಗೆ ಅಳತೆ ಇಲ್ಲ ಎಂದಿದ್ದೆ ನಾನು.

ಮನೆಗೆ ಬಂದು ಹಂಡೆ ಇಟ್ಟೆ. ಆರು ಎಣಿಸಿದೆ. ಚೆಂಡು ಇಳಿಸಿದೆ. ಇಪ್ಪತ್ತು ನಿಮಿಷಕ್ಕೆ ಚೆಂಡಿನ ಮೈ ತುಂಬ ಹನಿ ಹನಿಯಾಗಿ ಬೆವರು ಎದ್ದಿತು. ಬೀರಪ್ಪನಾಣೆ, ಕಣ್ಣಿಗೆ ಕಾಣುವ ಹಾಗೆ ಎಣ್ಣೆ ಹೊರಬಂದು ನೀರಿನ ಮೇಲೆ ಹಳದಿ ಚಂದ್ರ ಚಂದ್ರವಾಗಿ ತೇಲಿತು. ಒರೆಸಿ, ನೀರು ಚೆಲ್ಲಿ, ಮತ್ತೆ ಕಾಯಿಸಿ, ಮತ್ತೆ ಇಳಿಸಿದೆ. ಹೀಗೆ ಏಳು ಸಲ. ನನ್ನ ಮೂಗು ಬಹಳ ಚುರುಕು, ಅದು ಈ ಊರಿಗೇ ಗೊತ್ತು. ಯಾವ ಮನೆಯಲ್ಲಿ ಏನು ಪಲ್ಯ ಎಂದು ಓಣಿಯ ತುದಿಯಿಂದ ಹೇಳುತ್ತೇನೆ. ಆದರೆ ಅವತ್ತು ಮೊದಲು ಮೂಗು ಏರಿಸಿದವಳು ಹನಮವ್ವ. ಬಚ್ಚಲಿನ ಬಾಗಿಲಿಗೆ ಬಂದು ನಿಂತು, "ಏನ್ರಿ, ಇದು ನಮ್ಮ ಒಗ್ಗರಣಿ ವಾಸನಿ ಅಲ್ಲೇನ್ರಿ?" ಎಂದಳು.

ಸಭಿಕರೇ, ಲೇನಿನ ಎಣ್ಣೆಗೆ ವಾಸನೆ ಇಲ್ಲ. ನೀರಿನ ಹಾಗಿರುತ್ತದೆ. ಒಮ್ಮೆ ಯಾಸೀನನೇ ನನ್ನ ಅಂಗೈಗೆ ಒಂದು ಹನಿ ಬಿಟ್ಟು ತೋರಿಸಿದ್ದ. ಹಾಗಾದರೆ ಆ ಚೆಂಡಿನ ಹೊಟ್ಟೆಯಲ್ಲಿ ಕುಸುಬಿ ಎಣ್ಣೆ ಹೇಗೆ ಬಂತು? ಯಾರು ಹಾಕಿದರು? ಯಾವ ತಿಳಿಗೇಡಿ ಹಾಕಿದ? ಮೇಲಿನಿಂದ ಬಿತ್ತೇ?

ಹನಮವ್ವ ನನ್ನನ್ನೇ ನೋಡುತ್ತಿದ್ದಾಳೆ. ಅವಳು ಐದು ತಿಂಗಳಿಂದ ಹೀಗೇ ನೋಡುತ್ತಿದ್ದಾಳೆ. ಖಾಸಿಂಸಾಬರ ಹೆಸರು ಹೇಳಿ, ಚಪ್ಪಾಳೆ ಹೊಡೆಸಿ, ಕುಳಿತುಬಿಡೋಣ ಎಂದು ಬಂದಿದ್ದೆ. ಅದರ ಮುಂದಿನದನ್ನು ಹೇಳುವ ವಿಚಾರ ನನಗೆ ಇರಲಿಲ್ಲ. ಆದರೆ ನಾನೇ ಪ್ರಶ್ನೆ ಕೇಳಿಬಿಟ್ಟೆ, ಅದೂ ಮೈಕಿನಲ್ಲಿ.

ನಾನು ಹಾಕಿದೆ.

ಗರಡಿಯಲ್ಲಿ ಕೈಯಲ್ಲಿ ಹಿಡಿದು ತಿರುಗಿಸುವ ಮರದ ಕರಲಾಕಟ್ಟಿಗೆಗಳಿಗೆ ಶನಿವಾರಕ್ಕೊಮ್ಮೆ ಎಣ್ಣೆ ಉಣ್ಣಿಸುತ್ತಿದ್ದೆವು. "ಒಣಗಿದ್ದು ಸೀಳ್ತೈತಿ, ಎಣ್ಣಿ ಕುಡದದ್ದು ಮೊಮ್ಮಕ್ಕಳ ಕಾಲಕ್ಕೂ ಇರ್ತೈತಿ" ಎಂದು ಚಂದಪ್ಪ ಉಸ್ತಾದರು ಕಲಿಸಿದ್ದರು. ಸುರೇಖಾ ಮೊದಲ ದಿನ, ಇದು ನಾಜೂಕು, ಕಾದರೆ ಸೀಳುತ್ತದೆ ಎಂದಿದ್ದಳಲ್ಲ? ಪಾಪ, ಹುಡುಗಿಗೆ ಗರಡಿಯ ವಿದ್ಯೆ ಗೊತ್ತಿಲ್ಲ, ಮಾಮನಿಗೆ ಗೊತ್ತಿದೆ ಎಂದುಕೊಂಡೆ. ಪ್ರತಿ ಶನಿವಾರ ತುಳಸಿಗೇರಿ ಹನುಮಪ್ಪನ ದರ್ಶನ ಮುಗಿಸಿ ಬಂದು, ಅವಳು ಸಾಲಿಗೆ ಹೋದಾಗ, ಅಂಗೈ ತುಂಬ ಕುಸುಬಿ ಎಣ್ಣೆ ಹಾಕಿಕೊಂಡು ಚೆಂಡಿಗೆ ತಿಕ್ಕುತ್ತಿದ್ದೆ. ಮೇಲಿನದನ್ನು ಒರೆಸಿ ಸಿಂಬಿಯ ಮೇಲೆ ಇಡುತ್ತಿದ್ದೆ. ಮುಂದಿನ ಶನಿವಾರ ನೋಡಿದರೆ ಒಣ ಒಣ. ಕುಡಿಯುತ್ತಿದೆ, ಗಟ್ಟಿಯಾಗುತ್ತಿದೆ ಎಂದು ಹಿಗ್ಗುತ್ತಿದ್ದೆ! ಅವಳು ಒಮ್ಮೆ, "ಮಾಮಾ, ಭಾಳ ಹೊಳಿಯಾಕತ್ತೈತಲ್ಲ, ಒರಸಿ ಇಟ್ಟೀರೇನು?" ಎಂದು ಕೇಳಿದಳು. "ಹೂಂ" ಎಂದೆ. ಹನ್ನೊಂದು ಶನಿವಾರ. ಲೇನಿನ ಎಣ್ಣೆ ಕುಡಿದಿದ್ದರೆ ಎಷ್ಟು ಕುಡಿಯುತ್ತಿತ್ತು? ನಾನು ಅದಕ್ಕೆ ಹಬ್ಬದ ಅಭ್ಯಂಜನ ಮಾಡಿಸಿದೆ.

ಸುರೇಖಾ, ತಲೆ ತಗ್ಗಿಸಬೇಡ ತಾಯಿ. ನೀನು ಗೆದ್ದದ್ದು ನಿನ್ನ ಕೈಯಿಂದ. ಚೆಂಡು ಮತ್ತೆ ತಿರುಗಿದ ದಿನ ನೀನು ನನ್ನ ಕಾಲಿಗೆ ಬಿದ್ದೆಯಲ್ಲ, ಅವತ್ತು ನಾನು ಹೇಳಬೇಕಿತ್ತು. ಹೇಳಲಿಲ್ಲ. ಆಶೀರ್ವಾದ ಮಾಡಿದೆ. ಚಹಾದಂಗಡಿಯಲ್ಲಿ "ಬಾ ಚೆಂಡಿನ ಡಾಕ್ಟರಾ" ಎಂದರು, ಹೋಗಿ ಕುಳಿತೆ. ಶಾಲು ಹೊದಿಸುತ್ತೇವೆ ಎಂದರು, ಹೆಗಲು ಕೊಟ್ಟೆ.

ಈಗ ಎರಡನೆಯ ತಪ್ಪಿಗೆ ಬರುತ್ತೇನೆ. ರಾಜಕುಮಾರ ಅವರೇ, ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. "ಹಿಂದಿನ ಸಿಬ್ಬಂದಿ" ಎಂದು ಓದಿದಿರಿ. ಅವನಿಗೆ ಹೆಸರಿಲ್ಲವೇ? ಆರು ವರ್ಷ "ಯಾಸೀನಾ, ಲೈಟ್ ಹಾಕಪ್ಪಾ" ಎಂದವರು ನೀವೇ ಅಲ್ಲವೇ? ಅವತ್ತಿನ ಸಭೆಯಲ್ಲಿ ಎಣ್ಣೆಯ ಡಬ್ಬಿ ತಂದು ಅಳೆದಿರಾ? ಅದೇ ಲೇನಿನಲ್ಲಿ ಬೇರೆಯವರ ಚೆಂಡು ತಿರುಗುತ್ತಿದೆಯೇ ಎಂದು ನೋಡಿದಿರಾ? ತಿರುಗುತ್ತಿತ್ತು ಸ್ವಾಮಿ! ದಿನಾ ತಿರುಗುತ್ತಿತ್ತು! ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪೈಲವಾನ ಕನಕಪ್ಪ ಜೋರಾಗಿ ಒದರಿದ, ತೀರ್ಮಾನ ಆಗಿಹೋಯಿತು. ನನ್ನ ಒದರಾಟಕ್ಕೆ ಅಷ್ಟು ಬೆಲೆ ಕೊಟ್ಟ ನೀವು, ಅವನು ಮೆಲ್ಲಗೆ ಹೇಳಿದ ಒಂದು ಮಾತಿಗೆ ಯಾಕೆ ಕೊಡಲಿಲ್ಲ? ನನ್ನ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧವನ್ನು ನಿಮಗೆ ಹಂಚುತ್ತಿದ್ದೇನೆ. ಸನ್ಮಾನವನ್ನು ಒಟ್ಟಿಗೆ ಮಾಡಿದಿರಿ, ಇದನ್ನೂ ಒಟ್ಟಿಗೆ ತೆಗೆದುಕೊಳ್ಳಿ.

ಅಧ್ಯಕ್ಷರೇ, ನನ್ನದು ಒಂದೇ ಬೇಡಿಕೆ. ದೂರಿನ ಪುಸ್ತಕ ಆಫೀಸಿನ ಕಪಾಟಿನಲ್ಲಿದೆ. ತರಿಸಿ. ನನ್ನ ಸಹಿಯ ಕೆಳಗೆ ಜಾಗ ಇದೆ, ನೋಡಿದ್ದೇನೆ. ಅಲ್ಲಿ ನಾನು ನನ್ನ ಐದನೆಯ ಇಯತ್ತೆಯ ಅಕ್ಷರದಲ್ಲಿ ಬರೆಯುತ್ತೇನೆ. ವರದಿಯ ಆ ಸಾಲನ್ನೂ ತಿದ್ದಿ. "ಕನಕಪ್ಪನ ಕುಸುಬಿ ಎಣ್ಣೆಯಿಂದ ಕೆಟ್ಟ ಚೆಂಡು, ಇಳಕಲ್ಲಿನ ಖಾಸಿಂಸಾಬರ ಕಾವಿನ ಲೆಕ್ಕದಿಂದ ಸುಧಾರಿಸಿತು" ಎಂದು ಓದಿ, ಇವತ್ತೇ, ಇದೇ ಮೈಕಿನಲ್ಲಿ. ಲೇನು ನೋಡಿಕೊಳ್ಳುವವರು ಯಾರೂ ನಿಲ್ಲದೆ ಒಂದು ತಿಂಗಳಿಂದ ಆ ಕೆಲಸ ಖಾಲಿ ಬಿದ್ದಿದೆ. ಕೊಡುತ್ತೇವೆ ಬಾ ಎಂದು ಕರೆಯಬೇಡಿ. ಬರುತ್ತೀಯಾ ಎಂದು ಕೇಳಿ. ಬರುವುದು ಬಿಡುವುದು ಅವನ ಇಷ್ಟ. ಇಳಕಲ್ಲಿನಲ್ಲಿ ಅವನ ಕೈ ಸುಮ್ಮನೆ ಕುಳಿತಿಲ್ಲ.

ಇನ್ನು ವಂದನೆಗಳು. ಕರೆದ ಕ್ಲಬ್ಬಿಗೆ, ಮತ್ತೆ ಗಡಿಯಾರ ನೋಡದ ಮುಖ್ಯ ಅತಿಥಿಗಳಿಗೆ, ಐದು ತಿಂಗಳು ಬಾಯಿ ಬಿಡದೆ ಕಣ್ಣಿನಲ್ಲೇ ನನ್ನನ್ನು ಹಂಡೆಯೊಳಗೆ ಕೂರಿಸಿದ ಹನಮವ್ವನಿಗೆ, ವಂದನೆಗಳು. ಮತ್ತು ಒಬ್ಬನಿಗೆ. ಸುರೇಖಾ ಫೋನ್ ಮಾಡಿ ಕರೆದಳಂತೆ, ಬಂದು ಬಾಗಿಲ ಹತ್ತಿರ ನಿಂತಿದ್ದಾನೆ. ಮಾತು ಶುರುಮಾಡಿದಾಗಿನಿಂದ ನಾನು ಆ ಒಂದು ಕಡೆ ಬಿಟ್ಟು ಎಲ್ಲ ಕಡೆ ನೋಡಿದ್ದೇನೆ. ಚೆಂಡನ್ನು ಮೂಗಿಗೆ ಹಿಡಿದ ಕೂಡಲೇ ಅವನಿಗೆ ಎಲ್ಲ ತಿಳಿದಿತ್ತು. ಅವನದೇ ಮನೆಯಲ್ಲಿ, ಅವನ ತಂದೆ ತಾಯಿಯ ಎದುರಿಗೆ, ಒಂದು ಮಾತಿನಲ್ಲಿ ನನ್ನ ಮಾನ ತೆಗೆಯಬಹುದಿತ್ತು. ಚಹಾ ಆರುತ್ತದೆ ಕುಡಿಯಿರಿ ಎಂದ.

ಯಾಸೀನಾ, ಹೋಗಬ್ಯಾಡಪ್ಪಾ, ಅಲ್ಲೇ ತಡಿ. ನೀ ಇಲ್ಲಿ ಬರೂದು ಬ್ಯಾಡ, ನಾನ ಇಳದ ಬರ್ತೇನಿ. ಈ ಶಾಲು ಯಾರರ ಹಿಡ್ಕೊಳ್ರಿ, ಮೆಟ್ಟಲಾ ಇಳಿಯಾಕ ಕಾಲಿಗೆ ತೊಡರತೈತಿ.

ಕೂತವರಿಗೂ, ಬಾಗಿಲಲ್ಲಿ ನಿಂತವನಿಗೂ, ನಮಸ್ಕಾರ.